ಪಿಜಿ ಓದಿಗೆ ದುಡ್ಡು: ಯಾವುದು ಮೊದಲು, ಯಾವುದು ಆಮೇಲೆ

ನಮಸ್ಕಾರ. ಪಿಜಿ ಸೀಟು ಸಿಕ್ಕಿದೆ, ಫೀಸ್ ಕಟ್ಟೋಕೆ ಒಂದು ವಾರ ಟೈಮ್ ಇದೆ ಅನ್ನೋರು ಈ ಮಾತು ಮೊದಲು ತಲೇಲಿ ಇಟ್ಕೊಳ್ಳಿ: ಸ್ಕಾಲರ್‌ಶಿಪ್ ದುಡ್ಡು ಅಡ್ಮಿಷನ್ ದಿನಕ್ಕೆ ಬರಲ್ಲ. ಅರ್ಜಿ, ಕಾಲೇಜಿನ ಪರಿಶೀಲನೆ, ಇಲಾಖೆ ಮಂಜೂರಾತಿ ಎಲ್ಲ ಆಗಿ ಖಾತೆಗೆ ಬೀಳೋ ಹೊತ್ತಿಗೆ ಎಷ್ಟೋ ಸಲ ಮೊದಲ ಸೆಮಿಸ್ಟರ್ ಪರೀಕ್ಷೆನೇ ಮುಗಿದಿರುತ್ತೆ. ಹಾಗಾಗಿ ಮೊದಲ ಫೀಸಿಗೆ ಒಂದು ದಾರಿ, ಮುಂದಿನ ಎರಡು ವರ್ಷಕ್ಕೆ ಇನ್ನೊಂದು ದಾರಿ ನೋಡ್ಕೋಬೇಕು.

ಕರ್ನಾಟಕದಲ್ಲಿ ಓದೋರಿಗೆ ಮೊದಲ ಬಾಗಿಲು ಎಸ್‌ಎಸ್‌ಪಿ, ಅಂದ್ರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ, ಎಲ್ಲಕ್ಕೂ ಇಲ್ಲೇ ಅರ್ಜಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಗೊಂಡಿರಿ, ಅದರ ಮೇಲಿರೋ ಆರ್‌ಡಿ ಸಂಖ್ಯೆ ಬೇಕು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಡಿಗ್ರಿ ಸೇರುವಾಗ ಮಾಡಿಸಿದ್ದು ಇನ್ನೂ ಚಾಲ್ತಿಯಲ್ಲಿದೆಯಾ ಅಂತ ತಾರೀಖು ನೋಡಿ. ಹೆಸರಿನದ್ದೂ ಒಂದು ತಕರಾರು ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ರಮೇಶ ಎಚ್', ಆಧಾರ್‌ನಲ್ಲಿ 'ರಮೇಶ ಹನುಮಂತಪ್ಪ' ಅಂತಿದ್ರೆ ಅರ್ಜಿ ಅಲ್ಲೇ ನಿಲ್ಲಬಹುದು. ಆಧಾರ್ ತಿದ್ದುಪಡಿಗೆ ದಿನ ಹಿಡಿಯುತ್ತೆ, ಕೊನೇ ತಾರೀಖಿನವರೆಗೆ ಕಾಯ್ಬೇಡಿ.

ಅರ್ಜಿ ಮಂಜೂರಾಗಿಯೂ ದುಡ್ಡು ಬಂದಿಲ್ಲ ಅನ್ನೋರು ತುಂಬ ಜನ. ಬಹಳಷ್ಟು ಸಲ ಕಾರಣ ಒಂದೇ: ಆಧಾರ್ 'ಲಿಂಕ್' ಆಗಿದೆ, 'ಸೀಡಿಂಗ್' ಆಗಿಲ್ಲ. ಕೆವೈಸಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ರೆ ಅದು ಲಿಂಕ್ ಅಷ್ಟೇ. ಸರ್ಕಾರದ ದುಡ್ಡು ನೇರ ಖಾತೆಗೆ ಬರೋಕೆ (ಇದಕ್ಕೇ ಡಿಬಿಟಿ ಅಂತಾರೆ) ನಿಮ್ಮ ಆಧಾರ್ ಸಂಖ್ಯೆ ಎನ್‌ಪಿಸಿಐ, ಅಂದ್ರೆ ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡ್ಕೊಳ್ಳೋ ಸಂಸ್ಥೆಯ ಪಟ್ಟಿಯಲ್ಲಿ ಒಂದು ಬ್ಯಾಂಕಿಗೆ ಜೋಡಣೆ ಆಗಿರಬೇಕು. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಯಲ್ಲಿ ಯಾವುದಕ್ಕೆ ಜೋಡಿಸಿದ್ರೋ ಅದಕ್ಕೇ ಹೋಗುತ್ತೆ. ಈಗಲೇ ಮೈ-ಆಧಾರ್ ವೆಬ್‌ಸೈಟಿಗೆ ಒಟಿಪಿ ಹಾಕಿ ಒಳಗೆ ಹೋಗಿ, 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, ಪಕ್ಕದಲ್ಲಿ 'ಆಕ್ಟಿವ್' ಅಂತ ಕಂಡ್ರೆ ಸರಿ. ಇಲ್ಲಾಂದ್ರೆ ಬ್ಯಾಂಕಿಗೆ ಹೋಗಿ, "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಅಂತಲೇ ಕೇಳಿ. ಬರೀ "ಆಧಾರ್ ಲಿಂಕ್ ಮಾಡಿ" ಅಂದ್ರೆ ಮತ್ತೆ ಕೆವೈಸಿ ಮಾಡಿ ಕಳಿಸ್ತಾರೆ.

ಇನ್ನು ಕೇಂದ್ರದ್ದು. ಎನ್‌ಎಸ್‌ಪಿಯಲ್ಲಿ, ಅಂದ್ರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಸ್ನಾತಕೋತ್ತರ ವಿದ್ಯಾರ್ಥಿವೇತನ ಇದೆ: ತಿಂಗಳಿಗೆ 15,000 ರೂಪಾಯಿ, ವರ್ಷಕ್ಕೆ 10 ತಿಂಗಳು. ರೆಗ್ಯುಲರ್ ಕೋರ್ಸಿನ ಮೊದಲ ವರ್ಷದಲ್ಲೇ ಅರ್ಜಿ ಹಾಕ್ಬೇಕು, ವಯಸ್ಸು 30 ದಾಟಿರಬಾರದು, ಆಯ್ಕೆ ಡಿಗ್ರಿ ಅಂಕದ ಮೇಲೆ. ಅರ್ಜಿ ಹಾಕಿ ಸುಮ್ಮನಿರಬೇಡಿ. ನಿಮ್ಮ ಸಂಸ್ಥೆಯ ನೋಡಲ್ ಅಧಿಕಾರಿ ಲಾಗಿನ್ ಆಗಿ ಒಪ್ಪದಿದ್ರೆ ಅರ್ಜಿ ಮುಂದಕ್ಕೇ ಹೋಗಲ್ಲ.

ಎಂಟೆಕ್ ಸೇರೋರಿಗೆ ಗೇಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ಬಹಳ ದೊಡ್ಡ ಆಸರೆ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಮಾನ್ಯತೆಯ ಕಾಲೇಜು, ಅಡ್ಮಿಷನ್ ಹೊತ್ತಿಗೆ ಚಾಲ್ತಿಯಲ್ಲಿರೋ ಗೇಟ್ ಸ್ಕೋರ್, ಇವೆರಡೂ ಇದ್ರೆ ತಿಂಗಳಿಗೆ 12,400 ರೂಪಾಯಿ, ಹೆಚ್ಚೆಂದರೆ 24 ತಿಂಗಳು. ಒಟ್ಟು 2,97,600. ಜನಧನ್ ಖಾತೆ, ಜಂಟಿ ಖಾತೆ ಕೊಡಬೇಡಿ, ಸಾಮಾನ್ಯ ಉಳಿತಾಯ ಖಾತೆನೇ ಬೇಕು. ಹಾಜರಾತಿಯನ್ನ ಕಾಲೇಜು ಪ್ರತಿ ತಿಂಗಳು ದೃಢಪಡಿಸ್ಬೇಕು. ಇದು ಬರ್ತಿರುವಾಗ ಬೇರೆ ಕಡೆ ಸಂಬಳ, ಸ್ಟೈಪೆಂಡ್ ತಗೊಳ್ಳೋ ಹಾಗಿಲ್ಲ.

ಈಗ ಮೊದಲ ಫೀಸಿನ ಪ್ರಶ್ನೆ. ಮನೇಲಿ ದುಡ್ಡಿಲ್ಲ ಅಂದ್ರೆ ಕೈಸಾಲಕ್ಕಿಂತ ಶಿಕ್ಷಣ ಸಾಲ ಸಾವಿರ ಪಾಲು ಮೇಲು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಕೇಳಲ್ಲ, ನಿಮ್ಮ ಕೈಯಿಂದ ಪಾಲೂ ಹಾಕ್ಬೇಕಿಲ್ಲ. 2024ರ ನವೆಂಬರ್‌ನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಕುಟುಂಬದ ಆದಾಯ 8 ಲಕ್ಷದೊಳಗಿದ್ರೆ, 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯ. ಆದರೆ ನಿಮ್ಮ ಸಂಸ್ಥೆ ಆ ಯೋಜನೆಯ ಪಟ್ಟಿಯಲ್ಲಿರಬೇಕು, ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗೆ ಸಿಗಲ್ಲ.

ಸಾಲದಲ್ಲಿ ಬಡ್ಡಿ ಲೆಕ್ಕವನ್ನ ದಯವಿಟ್ಟು ಗಮನವಿಟ್ಟು ನೋಡಿ. ವರ್ಷಕ್ಕೆ 2 ಲಕ್ಷದಂತೆ ಎರಡು ಕಂತು, ಬಡ್ಡಿ ಶೇ 10 ಅಂದ್ಕೊಳ್ಳಿ. ಓದಿನ ಎರಡು ವರ್ಷ, ಆಮೇಲಿನ ಒಂದು ವರ್ಷ ಇಎಂಐ ಇಲ್ಲ, ಆದ್ರೆ ಬಡ್ಡಿ ಓಡ್ತಾನೇ ಇರುತ್ತೆ. ಮೊದಲ ಕಂತಿಗೆ ಮೂರು ವರ್ಷಕ್ಕೆ 60,000, ಎರಡನೇದಕ್ಕೆ ಎರಡು ವರ್ಷಕ್ಕೆ 40,000. ಸುಮ್ಮನೆ ಬಿಟ್ರೆ 4 ಲಕ್ಷದ ಸಾಲ 5 ಲಕ್ಷವಾಗಿ ಇಎಂಐ ಶುರುವಾಗುತ್ತೆ. ಸ್ಕಾಲರ್‌ಶಿಪ್ ಬಂದಾಗ ಬಡ್ಡಿಯಷ್ಟನ್ನಾದ್ರೂ ಕಟ್ಕೊಂಡು ಹೋಗಿ; ಹಾಗೆ ಕಟ್ಟೋರಿಗೆ ಶೇ 1 ಬಡ್ಡಿ ರಿಯಾಯಿತಿ ಕೊಡೋ ಬ್ಯಾಂಕುಗಳಿವೆ, ಸಹಿ ಹಾಕೋ ಮೊದಲೇ ಕೇಳಿ.

ಸಾಲದಲ್ಲಿ ಅಪ್ಪ ಅಥವಾ ಅಮ್ಮ ಸಹ-ಸಾಲಗಾರರು. ಅವರ ಹೆಸರಲ್ಲಿ ಟ್ರ್ಯಾಕ್ಟರ್ ಸಾಲದ ಕಂತು ಬಾಕಿ ಇದ್ರೆ ಸಿಬಿಲ್‌ನಲ್ಲಿ, ಅಂದ್ರೆ ಬ್ಯಾಂಕುಗಳು ನೋಡೋ ಸಾಲದ ದಾಖಲೆಯಲ್ಲಿ, ಕಾಣುತ್ತೆ, ಮೊದಲು ಅದನ್ನ ಸರಿ ಮಾಡ್ಕೊಳ್ಳಿ. ಅಡ್ಮಿಷನ್ ದಿನವೇ ಆಫೀಸಲ್ಲಿ ಬೋನಫೈಡ್ ಪತ್ರದ (ನೀವು ಅಲ್ಲಿನ ವಿದ್ಯಾರ್ಥಿ ಅನ್ನೋ ಪತ್ರ) ಮೂರು ಪ್ರತಿ, ಎರಡೂ ವರ್ಷದ ಫೀಸ್ ವಿವರದ ಪತ್ರಕ್ಕೆ ಸೀಲು, ಸಹಿ ಹಾಕಿಸ್ಕೊಂಡು ಬನ್ನಿ. ಬ್ಯಾಂಕಿನಲ್ಲಿ ಮೊದಲು ಕೇಳೋದೇ ಆ ಫೀಸ್ ಪತ್ರ.