ಕಡತ ಹೇಳಿದ ಅಳತೆಯನ್ನು ನಂಬಬಹುದೇ?

ಸ್ನೇಹಿತರೇ,

2023ರ ಸೆಪ್ಟೆಂಬರ್ 7ರಂದು ಆ್ಯಪಲ್ ಕಂಪನಿ ಐಫೋನುಗಳಿಗೆ ತುರ್ತು ಅಪ್‌ಡೇಟ್ ಬಿಡುಗಡೆ ಮಾಡಿತು. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಸಂಶೋಧಕರು ವಾಷಿಂಗ್ಟನ್ ಮೂಲದ ನಾಗರಿಕ ಸಂಘಟನೆಯೊಂದರ ಉದ್ಯೋಗಿಯ ಫೋನನ್ನು ತಪಾಸಣೆ ಮಾಡುವಾಗ, ಪೆಗಾಸಸ್ ಬೇಹು ತಂತ್ರಾಂಶ ಒಳನುಗ್ಗುವ ದಾರಿಯನ್ನು ಪತ್ತೆಹಚ್ಚಿದ್ದರು. ಸಂದೇಶದೊಂದಿಗೆ ಬಂದ ಚಿತ್ರವೇ ಆ ದಾರಿ. ಯಾವ ಕೊಂಡಿಯನ್ನೂ ಒತ್ತಬೇಕಾಗಿರಲಿಲ್ಲ, ಸಂದೇಶ ಬಂದು ತಲುಪಿದರೆ ಸಾಕಿತ್ತು. ಅದೇ ಆಗಸ್ಟ್‌ನಲ್ಲಿ ಭಾರತದ ಪತ್ರಕರ್ತರೊಬ್ಬರ ಐಫೋನಿನ ಮೇಲೂ ಇದೇ ಬಗೆಯ ದಾಳಿ ನಡೆದಿತ್ತೆಂದು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಡಿಸೆಂಬರ್‌ನಲ್ಲಿ ವರದಿ ಮಾಡಿತು.

ಚಿತ್ರವೊಂದು ಹೀಗೆ ಫೋನಿಗೆ ಕನ್ನ ಹಾಕುವುದು ಹೇಗೆ? ಚಿತ್ರದ ಕಡತದಲ್ಲಿ ಬಣ್ಣಗಳಷ್ಟೇ ಇರುವುದಿಲ್ಲ, ಅಗಲ ಇಷ್ಟು, ಈ ಭಾಗದ ಉದ್ದ ಇಷ್ಟು ಎಂಬ ಅಂಕಿಗಳೂ ಇರುತ್ತವೆ. ಕಡತವನ್ನು ಓದಿ ತೆರೆಯ ಮೇಲೆ ಚಿತ್ರವಾಗಿಸುವ ಲೈಬ್ರರಿ, ಅಂದರೆ ಬೇರೆ ಬೇರೆ ಆ್ಯಪ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್, ಆ ಅಂಕಿಗಳನ್ನು ಓದಿ ಮೆಮೊರಿಯಲ್ಲಿ ಜಾಗ ಕಾದಿರಿಸುತ್ತದೆ. ಇಂಥ ಲೈಬ್ರರಿಗಳಲ್ಲಿ ಬಹುಪಾಲು ಸಿ ಅಥವಾ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿವೆ. ಕಾದಿರಿಸಿದ ಜಾಗದ ಗಡಿ ದಾಟಿ ಬರೆದರೆ ಆ ಭಾಷೆಗಳು ತಾವಾಗಿ ತಡೆಯುವುದಿಲ್ಲ. ಪಕ್ಕದಲ್ಲಿರುವ ದತ್ತಾಂಶ ಅಳಿಸಿಹೋಗುತ್ತದೆ, ಅದರ ಜಾಗದಲ್ಲಿ ದಾಳಿಕೋರನಿಗೆ ಬೇಕಾದದ್ದು ಬಂದು ಕೂರುತ್ತದೆ.

ಜೆಪೆಗ್ ಕಡತದಲ್ಲಿ ಟಿಪ್ಪಣಿ ಬರೆಯಲು ಒಂದು ಭಾಗವಿದೆ. ಅದರ ಮೊದಲ ಎರಡು ಬೈಟ್‌ಗಳು ಭಾಗದ ಉದ್ದವನ್ನು ಹೇಳುತ್ತವೆ, ಆ ಉದ್ದದಲ್ಲಿ ಈ ಎರಡು ಬೈಟ್‌ಗಳೂ ಸೇರಿವೆ. ಆದ್ದರಿಂದ ಟಿಪ್ಪಣಿ ಖಾಲಿಯಿದ್ದರೂ ಉದ್ದ 2 ಇರಲೇಬೇಕು. ತಂತ್ರಾಂಶ ಉದ್ದದಿಂದ 2 ಕಳೆದು ಉಳಿದಷ್ಟನ್ನು ನಕಲು ಮಾಡಿಕೊಳ್ಳುತ್ತದೆ. ಕಿಡಿಗೇಡಿಯೊಬ್ಬ ಅಲ್ಲಿ 0 ಎಂದು ಬರೆದರೆ? ಉತ್ತರ ಋಣ ಎರಡು. ಋಣ ಚಿಹ್ನೆಯೇ ಇಲ್ಲದ 32 ಬಿಟ್ ಲೆಕ್ಕದಲ್ಲಿ ಅದು 4,294,967,294 ಆಗುತ್ತದೆ! ಈ ಬಗೆಯ ದೋಷವನ್ನು 2000ದಲ್ಲಿ ನೆಟ್‌ಸ್ಕೇಪ್ ಬ್ರೌಸರಿನಲ್ಲಿ ಎತ್ತಿ ತೋರಿಸಲಾಯಿತು, ವಿವರವೆಲ್ಲ ಬಹಿರಂಗವಾಗಿ ಪ್ರಕಟವಾಯಿತು. ನಾಲ್ಕು ವರ್ಷಗಳ ನಂತರ, 2004ರ ಸೆಪ್ಟೆಂಬರ್‌ನಲ್ಲಿ, ಅದೇ ಟಿಪ್ಪಣಿ ಭಾಗದ ಅದೇ ಕಳೆಯುವ ಲೆಕ್ಕ ವಿಂಡೋಸ್‌ನ ಚಿತ್ರ ಲೈಬ್ರರಿಯಲ್ಲಿ ಸಿಕ್ಕಿತು. ಈ ಮರುಕಳಿಕೆ ನನ್ನನ್ನು ಇಂದಿಗೂ ಕಾಡುತ್ತದೆ. ಗೊತ್ತಿದ್ದ ತಪ್ಪೇ ಮತ್ತೆ ನುಸುಳಿತೆಂದರೆ, ಎಚ್ಚರಿಕೆಯಿಂದ ಬರೆಯಿರಿ ಎಂಬ ಬುದ್ಧಿವಾದಕ್ಕೆ ಎಷ್ಟು ಬೆಲೆ?

ಈಗ 2023ಕ್ಕೆ ಬರೋಣ. ಆ್ಯಪಲ್‌ನ ಭದ್ರತಾ ತಂಡ ಮತ್ತು ಸಿಟಿಜನ್ ಲ್ಯಾಬ್ ಅದೇ ವಾರ ಗೂಗಲ್‌ಗೂ ಒಂದು ದೋಷವನ್ನು ವರದಿ ಮಾಡಿದವು, ವೆಬ್‌ಪಿ ಎಂಬ ಬಗೆಯ ಚಿತ್ರ ಕಡತಗಳನ್ನು ಓದುವ ಲಿಬ್‌ವೆಬ್‌ಪಿ ಎಂಬ ಲೈಬ್ರರಿಯದು. ವೆಬ್‌ಪಿಯ ಒಂದು ವಿಧಾನ ಪದೇ ಪದೇ ಬರುವ ಮೌಲ್ಯಗಳಿಗೆ ಚಿಕ್ಕ ಸಂಕೇತ, ಅಪರೂಪದವಕ್ಕೆ ಉದ್ದನೆಯ ಸಂಕೇತ ಕೊಡುತ್ತದೆ. ಇದು ಹಫ್‌ಮನ್ ಪದ್ಧತಿ. ಸಂಕೇತಗಳನ್ನು ಬಿಡಿಸುವಾಗ ಹಸಿರು, ಕೆಂಪು, ನೀಲಿ, ಪಾರದರ್ಶಕತೆ, ದೂರ (ಈಗಾಗಲೇ ಬಂದದ್ದನ್ನು ಎಷ್ಟು ಹಿಂದಿನಿಂದ ನಕಲಿಸಬೇಕು ಎಂಬುದು) ಎಂದು ಐದು ಕೋಷ್ಟಕಗಳು ಬೇಕು. ಅವಕ್ಕೆಲ್ಲ ಹೆಚ್ಚೆಂದರೆ ಎಷ್ಟು ಮನೆಗಳು ಬೇಕಾದಾವು ಎಂದು ಮೊದಲೇ ಲೆಕ್ಕ ಹಾಕಿ, ಸರಳ ಸಂದರ್ಭದಲ್ಲಿ 2,954 ಎಂದು ನಿಗದಿ ಮಾಡಿದ್ದರು. ಲೆಕ್ಕ ಮಾಡಿದವರು ದಡ್ಡರಲ್ಲ. ಆದರೆ ಸಂಕೇತಗಳ ಪಟ್ಟಿ ಕ್ರಮಬದ್ಧವಾಗಿದೆಯೇ ಎಂಬ ಪರೀಕ್ಷೆ ನಡೆಯುತ್ತಿದ್ದದ್ದು ಕೋಷ್ಟಕವನ್ನು ತುಂಬಿದ ಮೇಲೆ. ನಾಲ್ಕು ಕೋಷ್ಟಕಗಳನ್ನು ಅಂಚಿನವರೆಗೂ ತುಂಬಿಸಿ, ಐದನೆಯದಕ್ಕೆ ಕ್ರಮಗೆಟ್ಟ ಪಟ್ಟಿ ಕೊಟ್ಟರೆ ಬರವಣಿಗೆ ಗಡಿ ದಾಟಿಯೇ ದಾಟುತ್ತಿತ್ತು.

ಈ ಲೈಬ್ರರಿಯನ್ನು ಗೂಗಲ್‌ನ ಸ್ವಯಂಚಾಲಿತ ಪರೀಕ್ಷಾ ವ್ಯವಸ್ಥೆ ನಿರಂತರವಾಗಿ ಹಾಳು ಕಡತಗಳನ್ನು ಉಣಿಸಿ ಪರೀಕ್ಷಿಸುತ್ತಿತ್ತು. ಆದರೂ ದೋಷ ಅದರ ಕಣ್ಣಿಗೆ ಬೀಳಲಿಲ್ಲ. ನಾಲ್ಕು ಕೋಷ್ಟಕಗಳು ಆಕಸ್ಮಿಕವಾಗಿ ಕರಾರುವಾಕ್ಕಾಗಿ ತುಂಬುವುದು ಅಷ್ಟು ವಿರಳ. ಕುಳಿತು ಯೋಚಿಸುವ ದಾಳಿಕೋರನಿಗೆ ಆಕಸ್ಮಿಕದ ಹಂಗಿಲ್ಲ.

ಹಾಗಾದರೆ ದಾರಿ ಏನು? ಕ್ರೋಮ್‌ನ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿಗೆ ಸಂಬಂಧಿಸಿದವು ಎಂದು ಗೂಗಲ್ 2020ರಲ್ಲಿ ಹೇಳಿತ್ತು. ಬರೆಯುವವರಿಗೆ ಇನ್ನಷ್ಟು ಉಪದೇಶ ಮಾಡುವುದರಿಂದ ಇದು ಇಳಿಯದು, ಭಾಷೆಯೇ ಗಡಿ ಕಾಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ರಸ್ಟ್ ಭಾಷೆಯಲ್ಲಿ ಗಡಿಯಾಚೆಗೆ ಬರೆಯಹೊರಟರೆ ಪ್ರೋಗ್ರಾಂ ಅಲ್ಲಿಯೇ ನಿಲ್ಲುತ್ತದೆ. ಚಿತ್ರ ಕಾಣದೇ ಹೋಗಬಹುದು, ಫೋನು ಪರರ ಪಾಲಾಗುವುದಿಲ್ಲ. ಕಡತಗಳನ್ನು ಓದುವುದಕ್ಕೆಂದೇ ರೂಪಿಸಿದ ವಫ್ಸ್ ಎಂಬ ಭಾಷೆಯಿದೆ, ಕ್ರೋಮ್ ಜಿಫ್ ಚಿತ್ರಗಳಿಗೆ ಅದನ್ನು ಬಳಸಿಕೊಂಡಿದೆ. ವೇಗ ಕುಂದುತ್ತದೆ ಎಂಬ ಆಕ್ಷೇಪ ಹಳೆಯದು, ಚೆನ್ನಾಗಿ ಬರೆದ ರಸ್ಟ್ ಲೈಬ್ರರಿಗಳು ಸಿ ಲೈಬ್ರರಿಗಳಿಗೆ ಸರಿಸಾಟಿಯಾಗಿ ನಿಂತಿವೆ. ಆ್ಯಂಡ್ರಾಯ್ಡ್ ತಂಡ ಹೊಸ ಕೋಡನ್ನು ಸುರಕ್ಷಿತ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ, 2019ರಲ್ಲಿ 76 ಶೇಕಡಾ ಇದ್ದ ಮೆಮೊರಿ ದೋಷಗಳ ಪಾಲು 2024ರಲ್ಲಿ 24ಕ್ಕೆ ಇಳಿಯಿತು.

ಹಳೆಯ ಕೋಡ್ ಮಾತ್ರ ಒಂದೇ ದಿನದಲ್ಲಿ ಬದಲಾಗದು. ಲಿಬ್‌ವೆಬ್‌ಪಿ ಕ್ರೋಮ್‌ನಲ್ಲಿತ್ತು, ಫೈರ್‌ಫಾಕ್ಸ್‌ನಲ್ಲಿತ್ತು, ಎಲೆಕ್ಟ್ರಾನ್ ಎಂಬ ಆ್ಯಪ್ ಕಟ್ಟುವ ಚೌಕಟ್ಟನ್ನು ಬಳಸಿ ಕಟ್ಟಿದ ಎಷ್ಟೋ ಆ್ಯಪ್‌ಗಳ ಹೊಟ್ಟೆಯಲ್ಲೂ ಅದರ ಪ್ರತಿ ಕುಳಿತಿತ್ತು. ಹಾಗಾಗಿ ಪ್ರತಿಯೊಂದೂ ತನ್ನದೇ ಅಪ್‌ಡೇಟ್ ಹೊರಡಿಸಬೇಕಾಯಿತು. ನಿಮ್ಮಲ್ಲಿ ಆ್ಯಪ್ ಬರೆಯುವವರು ಯಾರಾದರೂ ಇದ್ದರೆ, ದಯವಿಟ್ಟು ಇಂದೇ ನಿಮ್ಮ ಅವಲಂಬನೆಗಳ ಪಟ್ಟಿ ತೆರೆದು ನೋಡಿ. 0.5.0ರಿಂದ 1.3.1ರವರೆಗಿನ ಯಾವುದೇ ಲಿಬ್‌ವೆಬ್‌ಪಿ ಕಂಡರೂ ತೆಗೆದುಹಾಕಿ, 1.3.2 ಅಥವಾ ಅದರ ನಂತರದ್ದನ್ನು ಹಾಕಿಕೊಳ್ಳಿ.