ಸಾಂಟಾ ಕ್ಲಾರಾ ಕೌಂಟಿ: ಯಾವ ಕೆಲಸಕ್ಕೆ ಯಾವ ಕೌಂಟರ್?

ನಮಸ್ಕಾರ. ಈಗ ನೋಡ್ತಿರೋ ರಸ್ತೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯ (ನಮ್ಮಲ್ಲಿ ಜಿಲ್ಲೆ ಇದ್ದ ಹಾಗೆ) ಲಾರೆನ್ಸ್ ಎಕ್ಸ್‌ಪ್ರೆಸ್‌ವೇ. ಇಲ್ಲೊಂದು ಗುಂಡಿ ಬಿದ್ದಿದೆ ಅಂತ ಸನ್ನಿವೇಲ್ ಸಿಟಿ ಹಾಲ್‌ಗೆ ಫೋನ್ ಮಾಡಿದ್ರೆ ಕೆಲಸ ಆಗಲ್ಲ. ರಸ್ತೆ ಸನ್ನಿವೇಲ್ ಒಳಗೇ ಹಾದು ಹೋಗತ್ತೆ, ಆದ್ರೆ ಸಿಟಿದಲ್ಲ, ಕೌಂಟಿದು. ಲಾರೆನ್ಸ್, ಸ್ಯಾನ್ ಟೊಮಾಸ್, ಮಾಂಟೆಗ್ಯೂ, ಸೆಂಟ್ರಲ್, ಫೂಟ್‌ಹಿಲ್, ಆಲ್ಮಡೆನ್, ಕ್ಯಾಪಿಟಲ್, ಆರೆಗಾನ್–ಪೇಜ್ ಮಿಲ್, ಈ ಎಲ್ಲಾ ಎಕ್ಸ್‌ಪ್ರೆಸ್‌ವೇಗಳನ್ನ ನೋಡಿಕೊಳ್ಳೋದು ಕೌಂಟಿಯ ರೋಡ್ಸ್ ಅಂಡ್ ಏರ್‌ಪೋರ್ಟ್ಸ್ ಇಲಾಖೆ. ಪಕ್ಕದ 101, 280, 85 ಹೆದ್ದಾರಿಗಳು ಮಾತ್ರ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ದು. ನಿಮ್ಮ ಮನೆ ಮುಂದಿನ ಗಲ್ಲಿ ರಸ್ತೆ ಸಿಟಿದು.

ಊರಲ್ಲಾದ್ರೆ ಖಾತೆಗೆ ನಗರಸಭೆ, ಪಹಣಿಗೆ ನಾಡಕಚೇರಿ, ರಿಜಿಸ್ಟ್ರೇಷನ್‌ಗೆ ಸಬ್ ರಿಜಿಸ್ಟ್ರಾರ್ ಅಂತ ಯಾರನ್ನೂ ಕೇಳದೇ ಹೋಗ್ತೀವಿ. ಇಲ್ಲೂ ಹಂಚಿಕೆ ಇದೆ, ಆದ್ರೆ ಬೋರ್ಡ್ ನೋಡಿ ಊಹಿಸೋಕಾಗಲ್ಲ. ಈ ಕೌಂಟಿಯಲ್ಲಿ 15 ಸಿಟಿಗಳಿವೆ, ಒಂದೊಂದರ ಏರ್ಪಾಡು ಒಂದೊಂದು ಥರ. ಕೂಪರ್ಟಿನೊಗೆ ಸ್ವಂತ ಪೊಲೀಸೇ ಇಲ್ಲ, ಒಪ್ಪಂದದ ಮೇಲೆ ಕೌಂಟಿ ಶೆರಿಫ್ ಆ ಕೆಲಸ ಮಾಡ್ತಾರೆ. ಕೂಪರ್ಟಿನೊ, ಮಿಲ್ಪಿಟಾಸ್, ಸಾರಟೋಗ ಲೈಬ್ರರಿಗಳು ಕೌಂಟಿ ಲೈಬ್ರರಿಗೆ ಸೇರಿವೆ. ಸನ್ನಿವೇಲ್, ಮೌಂಟನ್ ವ್ಯೂ, ಸ್ಯಾನ್ ಹೋಸೆ ಲೈಬ್ರರಿಗಳು ಆಯಾ ಸಿಟಿಯವು. ಡ್ರೈವಿಂಗ್ ಲೈಸೆನ್ಸ್ ಕೊಡೋ ಡಿಎಂವಿ ರಾಜ್ಯದ್ದು, ಕೌಂಟಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಗೊಂದಲ ಅಂದ್ರೆ ಅಂಚೆ ವಿಳಾಸ. ವಿಳಾಸದಲ್ಲಿ ಸ್ಯಾನ್ ಹೋಸೆ ಅಂತಿದ್ರೂ ಮನೆ ಸಿಟಿ ಗಡಿಯ ಹೊರಗಿರಬಹುದು. ಬರ್ಬ್ಯಾಂಕ್, ಆಲಮ್ ರಾಕ್ ಕಡೆ ಇಂಥ ತುಂಡುಗಳಿವೆ, ಇವನ್ನ ಅನ್‌ಇನ್‌ಕಾರ್ಪೊರೇಟೆಡ್ ಅಂತಾರೆ. ಅಲ್ಲಿ ಮನೆಗೆ ಒಂದು ರೂಮ್ ಸೇರಿಸಬೇಕಿದ್ರೆ ಬಿಲ್ಡಿಂಗ್ ಪರ್ಮಿಟ್ ಕೊಡೋದು ಕೌಂಟಿಯ ಪ್ಲಾನಿಂಗ್ ಇಲಾಖೆ. ನಕ್ಷೆ ಮಾಡಿಸೋ ಮುಂಚೆ ಕೌಂಟಿ ವೆಬ್‌ಸೈಟಲ್ಲಿ ವಿಳಾಸ ಹಾಕಿ ನೋಡ್ಕೊಳ್ಳಿ. ನಕ್ಷೆ ಮಾಡಿಸಿದ್ಮೇಲೆ ಗೊತ್ತಾದ್ರೆ ಡಿಸೈನರ್ ಫೀ ಎರಡು ಸಲ ಕೊಡಬೇಕಾದೀತು.

ಈಗ ದುಡ್ಡಿನ ವಿಷಯ, ಪ್ರಾಪರ್ಟಿ ಟ್ಯಾಕ್ಸ್. ಸ್ಕ್ರೀನ್ ಮೇಲಿರೋ ಬಿಲ್‌ನಲ್ಲಿ ಎಪಿಎನ್ ಅಂತ ಇದೆ ನೋಡಿ, ಮೂರು ಅಂಕಿ, ಎರಡು ಅಂಕಿ, ಮತ್ತೆ ಮೂರು ಅಂಕಿ. ಕೌಂಟಿಯಲ್ಲಿ ನಿಮ್ಮ ಮನೆಯ ಗುರುತು ಅದೇ, ಏನೇ ಕೇಳೋದಿದ್ರೂ ಅದನ್ನ ಕೈಯಲ್ಲಿಟ್ಕೊಂಡು ಕೇಳಿ. ಇಲ್ಲಿ ಇಬ್ಬರು ಅಧಿಕಾರಿಗಳಿದ್ದಾರೆ. ಮನೆಗೆ ಬೆಲೆ ಕಟ್ಟೋರು ಅಸೆಸರ್, ದುಡ್ಡು ವಸೂಲಿ ಮಾಡೋರು ಟ್ಯಾಕ್ಸ್ ಕಲೆಕ್ಟರ್. "ಬೆಲೆ ಜಾಸ್ತಿ ಹಾಕಿದ್ದೀರಿ" ಅಂತ ಟ್ಯಾಕ್ಸ್ ಕಲೆಕ್ಟರ್ ಹತ್ರ ವಾದ ಮಾಡಿ ಪ್ರಯೋಜನವಿಲ್ಲ, ಅದು ಅವರ ಕೈಯಲ್ಲಿಲ್ಲ. ಮೊದಲು ಅಸೆಸರ್ ಹತ್ರ ಕೇಳಿ. ಒಪ್ಪಿಗೆ ಆಗದಿದ್ರೆ ಮೇಲ್ಮನವಿ ಹಾಕಬಹುದು, ಈ ಕೌಂಟಿಯಲ್ಲಿ ಅದಕ್ಕೆ ಜುಲೈ 2ರಿಂದ ಸೆಪ್ಟೆಂಬರ್ 15ರವರೆಗೆ ಅವಕಾಶ. ಮೇಲ್ಮನವಿ ಹಾಕಿದೀನಿ ಅಂತ ಟ್ಯಾಕ್ಸ್ ಕಟ್ಟೋದು ಮಾತ್ರ ನಿಲ್ಲಿಸಬೇಡಿ. ಕಟ್ಟಿ, ಗೆದ್ರೆ ವಾಪಸ್ ಬರತ್ತೆ.

ಕಂತು ಎರಡು. ಮೊದಲನೇದು ನವೆಂಬರ್ 1ಕ್ಕೆ ಶುರು, ಡಿಸೆಂಬರ್ 10 ಕೊನೆ. ಎರಡನೇದು ಫೆಬ್ರವರಿ 1ಕ್ಕೆ ಶುರು, ಏಪ್ರಿಲ್ 10 ಕೊನೆ. ದಾಟಿದ್ರೆ ಶೇಕಡ 10 ದಂಡ. ಬಿಲ್ ಬಂದಿಲ್ಲ ಅನ್ನೋದು ನೆಪ ಆಗಲ್ಲ, ಕಾನೂನೇ ಹಾಗಿದೆ. ಪೋಸ್ಟಲ್ಲಿ ಚೆಕ್ ಕಳಿಸೋರಿಗೆ ಲೆಕ್ಕಕ್ಕೆ ಬರೋದು ಅಂಚೆ ಮುದ್ರೆಯ ದಿನ. ಬ್ಯಾಂಕಿನ ಬಿಲ್ ಪೇಯಲ್ಲಿ ಕಟ್ಟೋರು ಇಲ್ಲೇ ಸಿಕ್ಕಿಹಾಕ್ಕೊಳ್ತಾರೆ. ಬ್ಯಾಂಕ್ ಕಳಿಸೋ ಚೆಕ್ ಮೇಲೆ ಹಲವು ಸಲ ಅಂಚೆ ಮುದ್ರೆನೇ ಇರಲ್ಲ, ಆಗ ಕೌಂಟಿಗೆ ತಲುಪಿದ ದಿನವೇ ಲೆಕ್ಕ. ಆನ್‌ಲೈನಲ್ಲಿ ಇ-ಚೆಕ್‌ನಲ್ಲಿ ಕಟ್ಟಿದ್ರೆ ಶುಲ್ಕ ಇಲ್ಲ. ಕ್ರೆಡಿಟ್ ಕಾರ್ಡಿಗೆ ಶೇಕಡಾವಾರು ಶುಲ್ಕ ಇದೆ, ಪಾಯಿಂಟ್ಸ್ ಆಸೆಗೆ ಅದನ್ನ ತೆರೋದು ನಷ್ಟದ ವ್ಯಾಪಾರ.

ಹೊಸದಾಗಿ ಮನೆ ಕೊಂಡವರು ಈ ಭಾಗ ಗಮನ ಇಟ್ಟು ಕೇಳಿ. ಸಪ್ಲಿಮೆಂಟಲ್ ಬಿಲ್ ಅಂತ ಒಂದು ಬರತ್ತೆ. 1978ರ ಪ್ರೊಪೊಸಿಷನ್ 13 ಅನ್ನೋ ರಾಜ್ಯದ ಕಾನೂನಿನ ಪ್ರಕಾರ, ಮನೆ ಕೈ ಬದಲಾಗೋವರೆಗೂ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇಕಡ 2ಕ್ಕಿಂತ ಜಾಸ್ತಿ ಏರೋ ಹಾಗಿಲ್ಲ. ಹಾಗಾಗಿ ಹಳೇ ಮಾಲೀಕರ ಲೆಕ್ಕದಲ್ಲಿ 4 ಲಕ್ಷ ಡಾಲರ್ ಇದ್ದ ಮನೆಯನ್ನ ನೀವು 15 ಲಕ್ಷಕ್ಕೆ ತಗೊಂಡಿರ್ತೀರಿ. ನಡುವಿನ 11 ಲಕ್ಷದ ಮೇಲೆ, ದರ ಸುಮಾರು ಶೇಕಡ 1.2 ಅಂದ್ಕೊಂಡ್ರೆ, ಇಡೀ ವರ್ಷಕ್ಕೆ 13,200 ಡಾಲರ್. ತೆರಿಗೆ ವರ್ಷ ಜುಲೈಯಿಂದ ಜೂನ್. ಡಿಸೆಂಬರಲ್ಲಿ ಮನೆ ನಿಮ್ಮ ಹೆಸರಿಗೆ ಬಂದಿದ್ರೆ ಜನವರಿ 1ರಿಂದ ಲೆಕ್ಕ, ಅರ್ಧ ವರ್ಷದ ಪಾಲು 6,600 ಡಾಲರ್. ಮಾಮೂಲಿ ಬಿಲ್ ಇದ್ದೇ ಇದೆ, ಇದು ಅದರ ಮೇಲೆ. ಜನವರಿಯಿಂದ ಮೇ ಒಳಗೆ ಕೊಂಡವರಿಗೆ ಇಂಥವು ಎರಡು ಬರ್ತವೆ, ಈ ವರ್ಷದ್ದೊಂದು, ಮುಂದಿನ ವರ್ಷದ್ದೊಂದು.

"ನಮ್ದು ಎಸ್ಕ್ರೋ ಇದೆ, ಬ್ಯಾಂಕೇ ಕಟ್ಟತ್ತೆ" ಅಂತ ಕೂತವರೇ ದಂಡ ತೆರೋದು. ಎಸ್ಕ್ರೋ ಅಂದ್ರೆ ಸಾಲದ ಕಂತಿನ ಜೊತೆಗೇ ತೆರಿಗೆ ದುಡ್ಡನ್ನೂ ತಗೊಂಡು ಬ್ಯಾಂಕೇ ಕಟ್ಟೋ ಏರ್ಪಾಡು. ಸಪ್ಲಿಮೆಂಟಲ್ ಬಿಲ್ ಬ್ಯಾಂಕಿಗೆ ಹೋಗಲ್ಲ, ಮಾಲೀಕರ ಹೆಸರಿಗೇ ಬರತ್ತೆ. ಅದೂ ಮನೆ ಕೊಂಡು ತಿಂಗಳುಗಳಾದ ಮೇಲೆ. ಗಡುವು ಬಿಲ್ ಹೊರಟ ತಿಂಗಳನ್ನ ಅವಲಂಬಿಸಿರತ್ತೆ, ಡಿಸೆಂಬರ್ 10, ಏಪ್ರಿಲ್ 10 ಅಂತ ನಂಬಿಕೊಳ್ಳಬೇಡಿ, ಅಚ್ಚಾಗಿರೋ ದಿನಾಂಕ ಓದಿ.

ಮನೆ ಕೊಂಡವರ ಅಂಚೆಡಬ್ಬಿಗೆ ಇನ್ನೂ ಕೆಲವು ಕಾಗದ ಬೀಳ್ತವೆ. ಸರ್ಕಾರಿ ಥರದ ಮುದ್ರೆ, "ನಿಮ್ಮ ಡೀಡ್ (ಕ್ರಯಪತ್ರ) ಪ್ರತಿಗೆ ಇಷ್ಟು ಡಾಲರ್ ಕಳಿಸಿ" ಅಂತ. ಖಾಸಗಿಯವರದು, ಹರಿದು ಹಾಕಿ. ರೆಕಾರ್ಡಿಂಗ್ ಮುಗಿದ ಮೇಲೆ ಮೂಲ ಡೀಡ್ ಹೇಗೂ ನಿಮಗೆ ಅಂಚೆಯಲ್ಲಿ ಬರತ್ತೆ. ಅಸೆಸರ್ ಕಳಿಸೋ ಹೋಮ್‌ಓನರ್ಸ್ ಎಕ್ಸೆಂಪ್ಷನ್ ಫಾರ್ಮ್ ಮಾತ್ರ ನಿಜವಾದದ್ದು, ಅದನ್ನ ತುಂಬೋಕೆ ದುಡ್ಡು ಕೊಡಬೇಕಿಲ್ಲ. ತೆರಿಗೆ ಲೆಕ್ಕದ ಬೆಲೆಯಲ್ಲಿ 7,000 ಡಾಲರ್ ಕಳೀತಾರೆ, ಅಂದ್ರೆ ವರ್ಷಕ್ಕೆ ಉಳಿಯೋದು 70 ಡಾಲರ್ ಆಸುಪಾಸು. ಒಂದೇ ಸಲ ಹಾಕಿದ್ರೆ ಸಾಕು. ಮುಂದೆ ಆ ಮನೆ ಬಾಡಿಗೆಗೆ ಕೊಟ್ಟು ಬೇರೆ ಕಡೆ ಹೋದಾಗ ರದ್ದು ಮಾಡ್ಸೋದು ನಿಮ್ಮ ಹೊಣೆ.

ಇನ್ನು ಜನನ ಪ್ರಮಾಣಪತ್ರ. ನೀವಿರೋ ಕೌಂಟಿ ಅಲ್ಲ, ಮಗು ಹುಟ್ಟಿದ ಕೌಂಟಿ ಮುಖ್ಯ. ಮಿಲ್ಪಿಟಾಸಲ್ಲಿದ್ದು ಫ್ರೀಮಾಂಟ್ ಆಸ್ಪತ್ರೆಯಲ್ಲಿ ಹೆರಿಗೆಯಾದ್ರೆ ಅಲಮೀಡಾ ಕೌಂಟಿಗೆ ಹೋಗಬೇಕು. ಕೌಂಟಿಯೊಳಗೂ ಎರಡು ಕಡೆ. ಇತ್ತೀಚೆಗೆ ಹುಟ್ಟಿದ ಮಕ್ಕಳ ದಾಖಲೆ ಪಬ್ಲಿಕ್ ಹೆಲ್ತ್ ಇಲಾಖೆಯಲ್ಲಿರತ್ತೆ, ಆಮೇಲೆ ಕೌಂಟಿಯ ದಾಖಲೆ ಇಡೋ ಕ್ಲರ್ಕ್-ರೆಕಾರ್ಡರ್ ಹತ್ರ. ಅಪೊಸ್ಟಿಲ್ (ದಾಖಲೆ ಬೇರೆ ದೇಶದಲ್ಲೂ ನಡೆಯೋ ಹಾಗೆ ಹಾಕೋ ದೃಢೀಕರಣ) ಮಾಡಿಸಬೇಕಾದವರು ಆದಷ್ಟೂ ಕ್ಲರ್ಕ್-ರೆಕಾರ್ಡರ್ ಸಹಿ ಇರೋ ಪ್ರತಿ ತಗೊಳ್ಳಿ. ಅಪೊಸ್ಟಿಲ್ ಹಾಕೋದು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ, ಆ ಸಹಿ ಅವರಿಗೆ ಪರಿಚಿತ.

ಅರ್ಜಿಯಲ್ಲಿ ಎರಡು ಬಗೆ ಇರತ್ತೆ, ಆಥರೈಸ್ಡ್ ಮತ್ತು ಇನ್ಫರ್ಮೇಷನಲ್. ಎರಡನೇದರ ಮೇಲೆ "ಗುರುತಿಗೆ ಪುರಾವೆಯಲ್ಲ" ಅಂತ ಅಚ್ಚಾಗಿರತ್ತೆ, ಪಾಸ್‌ಪೋರ್ಟಿಗೆ ನಡೆಯಲ್ಲ. ಆಥರೈಸ್ಡ್ ಪ್ರತಿಯನ್ನ ಅಪ್ಪ-ಅಮ್ಮ, ಅಜ್ಜ-ಅಜ್ಜಿ, ಒಡಹುಟ್ಟಿದವರು ತಗೋಬಹುದು. ಚಿಕ್ಕಪ್ಪ, ದೊಡ್ಡಮ್ಮ, ಸೋದರಮಾವ ಪಟ್ಟಿಯಲ್ಲಿಲ್ಲ. ಅಂಚೆಯಲ್ಲಿ ತರಿಸೋದಾದ್ರೆ ಪ್ರಮಾಣ ಹೇಳಿಕೆಗೆ ನೋಟರಿ ಬೇಕೇ ಬೇಕು. ನೋಟರಿ ಇಲ್ಲದ ಅರ್ಜಿ ವಾಪಸ್ ಬರತ್ತೆ.

ನಮ್ಮವರಿಗೆ ಇದರಲ್ಲೊಂದು ಇಕ್ಕಟ್ಟಿದೆ. ನಾಮಕರಣ ಹನ್ನೊಂದಕ್ಕೋ ಹನ್ನೆರಡಕ್ಕೋ. ಕ್ಯಾಲಿಫೋರ್ನಿಯಾದಲ್ಲಿ ಜನನ ನೋಂದಣಿಗೆ 21 ದಿನ ಅವಕಾಶ ಇದ್ರೂ ಡಿಸ್ಚಾರ್ಜ್ ಮುಂಚೆಯೇ ಆಸ್ಪತ್ರೆಯವರು ಹೆಸರು ಕೇಳ್ತಾರೆ. ಆಮೇಲೆ ತಿದ್ದುಪಡಿ ಮಾಡಿಸೋಕೆ ಕೌಂಟಿ ಅಲ್ಲ, ರಾಜ್ಯದ ವೈಟಲ್ ರೆಕಾರ್ಡ್ಸ್‌ಗೆ ಅರ್ಜಿ ಹಾಕಬೇಕು. ಹಳೇ ಪುಟ ಹೋಗಲ್ಲ, ತಿದ್ದುಪಡಿ ಎರಡನೇ ಪುಟವಾಗಿ ಸೇರಿಕೊಳ್ಳತ್ತೆ, ಮಗು ಬದುಕಿಡೀ ಎರಡು ಪುಟ ತೋರಿಸ್ಕೊಂಡು ಓಡಾಡಬೇಕು. ತೊಟ್ಟಿಲಲ್ಲಿ ಹಾಕೋ ಶಾಸ್ತ್ರ ಆಮೇಲೆ ಇರಲಿ, ಕಾಗದದ ಹೆಸರು ಹೆರಿಗೆಗೆ ಮುಂಚೆಯೇ ತೀರ್ಮಾನ ಮಾಡಿ. ಇನಿಷಿಯಲ್ ಹಾಕೋರು ತಂದೆ-ತಾಯಿ ಹೆಸರಿನ ಕಾಲಂನಲ್ಲಿ ಪಾಸ್‌ಪೋರ್ಟಲ್ಲಿರೋ ಸ್ಪೆಲಿಂಗನ್ನೇ ಅಕ್ಷರಶಃ ಬರೀರಿ.

ಮದುವೆ ಲೈಸೆನ್ಸ್ ಕೂಡ ಕ್ಲರ್ಕ್-ರೆಕಾರ್ಡರ್ ಕೆಲಸ. 90 ದಿನ ಚಾಲ್ತಿ, ರಾಜ್ಯದಲ್ಲಿ ಎಲ್ಲಿ ಬೇಕಾದ್ರೂ ಮದುವೆಯಾಗಬಹುದು. ಶಾಸ್ತ್ರ ಮಾಡಿಸಿದ ಪುರೋಹಿತರು ಸಹಿ ಮಾಡಿ 10 ದಿನದೊಳಗೆ ಅದನ್ನ ವಾಪಸ್ ಕಳಿಸಬೇಕು, ಅವರಿಗೆ ನೆನಪಿಸಿ. ಸರ್ಟಿಫಿಕೇಟ್ ತಾನಾಗಿ ಮನೆಗೆ ಬರಲ್ಲ, ಬೇರೆ ಅರ್ಜಿ ಹಾಕಿ ತಗೋಬೇಕು.

ಗ್ಯಾರೇಜಲ್ಲಿ ಉಳಿದ ಪೇಂಟ್, ಟ್ಯೂಬ್‌ಲೈಟ್, ಹಳೇ ಬ್ಯಾಟರಿ, ಕೀಟನಾಶಕ? ಕಸದ ಡಬ್ಬಿಗೆ ಹಾಕೋ ಹಾಗಿಲ್ಲ. ಕೌಂಟಿಯ ಹೌಸ್‌ಹೋಲ್ಡ್ ಹಜಾರ್ಡಸ್ ವೇಸ್ಟ್ ಕಾರ್ಯಕ್ರಮದಲ್ಲಿ ಪುಕ್ಕಟೆ ತಗೋತಾರೆ, ಅಪಾಯಿಂಟ್‌ಮೆಂಟ್ ಬೇಕು. ಒಂದು ಸಲಕ್ಕೆ 15 ಗ್ಯಾಲನ್ ದ್ರವ ಅಥವಾ 125 ಪೌಂಡ್ ಮಿತಿ. ಮೂಲ ಡಬ್ಬಿಯಲ್ಲೇ ಇಡಿ, ಒಂದಕ್ಕೊಂದು ಬೆರೆಸಬೇಡಿ, ಲಿಥಿಯಂ ಬ್ಯಾಟರಿ ತುದಿಗೆ ಟೇಪ್ ಅಂಟಿಸಿ. ಎಲ್ಲಾ ಡಿಕ್ಕಿಯಲ್ಲಿರಲಿ, ಅವರೇ ಇಳಿಸ್ಕೋತಾರೆ.

ಕೊನೇದು ಜ್ಯೂರಿ ಸಮನ್ಸ್, ಅಂದ್ರೆ ಕೋರ್ಟ್ ವಿಚಾರಣೆಯಲ್ಲಿ ತೀರ್ಪು ಹೇಳೋ ನಾಗರಿಕರ ಗುಂಪಿಗೆ ಬನ್ನಿ ಅನ್ನೋ ಕರೆ. ಕವರ್ ಮೇಲೆ ಕೌಂಟಿ ಹೆಸರಿದ್ರೂ ಅದು ಸುಪೀರಿಯರ್ ಕೋರ್ಟಿಂದು. ಡಿಎಂವಿ ಪಟ್ಟಿಯಿಂದಲೂ ಹೆಸರು ಆರಿಸೋದ್ರಿಂದ ಎಚ್-1ಬಿ, ಗ್ರೀನ್ ಕಾರ್ಡಿನವರಿಗೂ ಬರತ್ತೆ. ಹೋಗಿ ಕೂರಬೇಕಿಲ್ಲ, ಹಾಗಂತ ಡ್ರಾಯರಿಗೆ ಹಾಕಿಡಬೇಡಿ. ಆನ್‌ಲೈನಲ್ಲಿ "ನಾನು ಅಮೆರಿಕದ ಪ್ರಜೆಯಲ್ಲ" ಅನ್ನೋದಕ್ಕೆ ಗುರುತು ಹಾಕಿ ಉತ್ತರಿಸಿ, ಆ ಉತ್ತರದ ಪ್ರತಿ ಇಟ್ಕೊಳ್ಳಿ. ಅವಸರದಲ್ಲಿ ಪ್ರಜೆ ಅನ್ನೋದಕ್ಕೆ ಗುರುತು ಹಾಕಿದ್ರೆ ಮುಂದೆ ಗ್ರೀನ್ ಕಾರ್ಡಿಗೋ ಪೌರತ್ವಕ್ಕೋ ಅರ್ಜಿ ಹಾಕುವಾಗ ಅದೇ ದೊಡ್ಡ ತೊಡಕಾಗತ್ತೆ.