ಖಾಲಿ ಎಂದು ತಿಳಿದ ಕ್ಯಾಸೆಟ್ಟು

(ಕಾಸರಗೋಡಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ತಮ್ಮ ಮೊದಲ ಕಾರ್ಯಕ್ರಮ ನೀಡಲಿರುವ ನಾಲ್ವರು ಹುಡುಗರೇ, ಅವರ ಹಾಡು ಕೇಳಲೆಂದು ಬಂದು ನನ್ನ ಮಾತನ್ನೂ ಸಹಿಸಿಕೊಳ್ಳಬೇಕಾಗಿರುವ ಬಂಧುಗಳೇ,

ಕನ್ನಡದಲ್ಲಿಯೂ ತುಳುವಿನಲ್ಲಿಯೂ ರಾಕ್ ಹಾಡುವ ತಂಡವೊಂದು ನಮ್ಮ ಊರಿನಲ್ಲಿ ಹುಟ್ಟಿದೆ ಎಂದಾಗ ಕೆಲವರು "ಅದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕು ಮಾರಾಯ್ರೆ" ಎಂದರು. ಇನ್ನು ಕೆಲವರು ಕೊಚ್ಚಿಯ ಹೆಸರು ಹೇಳಿದರು. ಗಡಿನಾಡಿನವರಿಗೆ ದಾರಿ ತೋರಿಸುವವರು ಎರಡೂ ಕಡೆಯಲ್ಲಿ ಇರುತ್ತಾರೆ. ಈ ಉಪದೇಶಕ್ಕೆ ಉತ್ತರವಾಗಿ ನಾನು ನ್ಯೂಜಿಲೆಂಡಿನ ದಕ್ಷಿಣ ತುದಿಗೆ ಹತ್ತಿರವಿರುವ ಡುನೆಡಿನ್ ಎಂಬ ಊರಿನ 'ದ ಕ್ಲೀನ್' ಎಂಬ ತಂಡವನ್ನು, ಅದರಿಂದ ಕಲಿತ ಕೆಲವು ತಂಡಗಳನ್ನು ನಿಮ್ಮ ಮುಂದೆ ನಿಲ್ಲಿಸಲು ಬಯಸುತ್ತೇನೆ.

ನನಗೆ ಈ ತಂಡದ ಪರಿಚಯವಾದದ್ದು ಒಂದು ಪ್ರಮಾದದಿಂದ. 1990ರ ದಶಕದ ಆರಂಭದಲ್ಲಿ ನನ್ನ ಭಾವ ಶಾರ್ಜಾದಿಂದ ರಜೆಯಲ್ಲಿ ಬಂದಾಗ ಒಂದು ಟೂ-ಇನ್-ವನ್ (ರೇಡಿಯೋ ಸೇರಿದ ಟೇಪ್ ರೆಕಾರ್ಡರು) ಮತ್ತು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ಟುಗಳನ್ನು ತಂದಿದ್ದರು. ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟ ಯಾರೋ ಇಂಜಿನಿಯರು ಕೊಟ್ಟುಹೋದ ಪೆಟ್ಟಿಗೆ ಅದು. ಅದರಲ್ಲಿದ್ದ ತೊಂಬತ್ತು ನಿಮಿಷದ ಕ್ಯಾಸೆಟ್ಟೊಂದರ ಮೇಲೆ ಬಾಲ್ ಪೆನ್ನಿನಿಂದ ಇಂಗ್ಲಿಷಿನಲ್ಲಿ 'ಕ್ಲೀನ್' ಎಂದಷ್ಟೇ ಬರೆದಿತ್ತು. ಕ್ಲೀನ್ ಎಂದರೆ ಅಳಿಸಿಟ್ಟದ್ದು, ಆದ್ದರಿಂದ ಖಾಲಿ ಎಂದು ಭಾವ ತೀರ್ಮಾನಿಸಿದರು. ಆ ವಾರವೇ ಬದಿಯಡ್ಕದ ಕಡೆ ನೆಂಟರ ಮನೆಯಲ್ಲಿ ಪೂಜೆಯ ರಾತ್ರಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಏರ್ಪಾಡಾಗಿತ್ತು. ವಾಲಿಗೆ ಬಾಣ ತಾಗಿ, ಅವನು ರಾಮನನ್ನು ಪ್ರಶ್ನಿಸಲು ಶುರುಮಾಡುವ ಹೊತ್ತಿಗೆ ಭಾವ ಅರ್ಥಧಾರಿಗಳ ಮುಂದೆ ಟೂ-ಇನ್-ವನ್ ಇಟ್ಟು, ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತಿ, ವಾಲಿ ಪ್ರಾಣ ಬಿಡುವವರೆಗೂ ಅಲುಗಾಡದೆ ಕುಳಿತರು.

ಮರುದಿನ ಮನೆಯವರೆಲ್ಲ ಜಗಲಿಯಲ್ಲಿ ಸೇರಿ ಅದನ್ನು ಕೇಳಿದೆವು. ಅರ್ಥಗಾರಿಕೆ ಸೊಗಸಾಗಿ ಬಂದಿತ್ತು. ಭಾಗವತರ ಮಂಗಳಪದ, ಯಾರೋ ಕೆಮ್ಮಿದ್ದು, "ಎಲೆ ಹಾಕಿಯಾಯಿತು, ಏಳಿ" ಎಂದು ಮನೆಯ ಯಜಮಾನರು ಕರೆದದ್ದು, ಆಮೇಲೆ ಟಕ್ ಎಂಬ ಸದ್ದು. ಮರುಕ್ಷಣವೇ ದಡದಡನೆ ಡ್ರಮ್ಮು, ಅದರ ಬೆನ್ನಿಗೇ ಹುಳದ ಗೂಡಿಗೆ ಕಲ್ಲು ಬಿದ್ದ ಹಾಗೆ ಗಿಟಾರು. ನನ್ನ ತಂದೆಯವರು ಕವಳದ ರಸ ಉಗುಳಿ ಬಂದು, "ವಾಲಿ ಸತ್ತ ಮೇಲೆ ಕಪಿಗಳಿಗೆ ಅಂಕೆಯಿಲ್ಲ" ಎಂದರು. ನನಗಾದರೋ ಆ ಕಪಿಗಳೇ ಹಿಡಿಸಿಬಿಟ್ಟವು. ಧ್ವನಿಯ ಹಿಂದೆ ಸಣ್ಣ ಮಳೆಯಂತೆ ಕೇಳುತ್ತಿದ್ದ ಸರಸರ ಶಬ್ದ ಹೆಡ್ಡಿನ ಕೊಳೆಯಿಂದ ಬಂದದ್ದೆಂದು ಭಾವಿಸಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಎಷ್ಟು ಸಲ ಒರಸಿದರೂ ಅದು ಹೋಗಲಿಲ್ಲ. ಕ್ಲೀನ್ ಎಂಬುದು ಹಾಡುತ್ತಿರುವವರ ಹೆಸರು ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಸುಮಾರು ಹತ್ತು ವರ್ಷಗಳ ಬಳಿಕ ಬೆಂಗಳೂರಿನಲ್ಲಿ ಓದುತ್ತಿದ್ದ ನನ್ನ ಶಿಷ್ಯನೊಬ್ಬ ಪೇವ್‌ಮೆಂಟ್ ಎಂಬ ಅಮೆರಿಕನ್ ತಂಡದ ಸಿ.ಡಿ. ತಂದು ಹಾಕಿದ. ಎರಡು ಹಾಡು ಮುಗಿಯುವುದರೊಳಗೆ ನಾನು "ಇವರು ನಮ್ಮ ವಾಲಿ ಕ್ಯಾಸೆಟ್ಟಿನವರು" ಎಂದು ಖಡಾಖಂಡಿತವಾಗಿ ಹೇಳಿದೆ. ನನ್ನ ಮಾತು ತಪ್ಪಾಗಿತ್ತು. ಪೇವ್‌ಮೆಂಟ್ 1989ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ನಿನಲ್ಲಿ ಹುಟ್ಟಿದ ತಂಡ. ನನ್ನ ಕ್ಯಾಸೆಟ್ಟಿನಲ್ಲಿದ್ದದ್ದು ಅದಕ್ಕೂ ಎಂಟು ವರ್ಷ ಹಿಂದಿನ ಹಾಡು. ಆದರೆ ದ ಕ್ಲೀನ್‌ನಿಂದ ತಾವು ಕಲಿತಿದ್ದೇವೆ ಎಂದು ಪೇವ್‌ಮೆಂಟಿನವರು ಬಾಯಿಬಿಟ್ಟೇ ಹೇಳಿದ್ದಾರೆ ಎಂದು ತಿಳಿದಾಗ, ನನ್ನ ತಪ್ಪಿನ ಬಗ್ಗೆ ಸ್ವಲ್ಪ ಹೆಮ್ಮೆಯೇ ಆಯಿತು. ಮೊಮ್ಮಗನ ನಡಿಗೆ ನೋಡಿ ಅಜ್ಜನ ಹೆಸರು ಹೇಳಿದಂತಾಗಿತ್ತು.

ಈಗ ಡುನೆಡಿನ್‌ಗೆ ಬರೋಣ. ಆ ಕಾಲಕ್ಕೆ ಲಕ್ಷ ಚಿಲ್ಲರೆ ಜನರಿದ್ದ, ಸ್ಕಾಟ್ಲೆಂಡಿನವರು ನೆಲೆಸಿ ಕಟ್ಟಿದ, 1869ರಲ್ಲಿಯೇ ವಿಶ್ವವಿದ್ಯಾನಿಲಯ ಪಡೆದ ಚಳಿಯ ಊರು ಅದು. ಹಾಮಿಶ್ ಮತ್ತು ಡೇವಿಡ್ ಕಿಲ್ಗೋರ್ ಎಂಬ ಅಣ್ಣತಮ್ಮಂದಿರು 1978ರಲ್ಲಿ ಅಲ್ಲಿ ಈ ತಂಡವನ್ನು ಕಟ್ಟಿದರು. ಅಣ್ಣ ಡ್ರಮ್ಮಿಗೆ, ತಮ್ಮ ಗಿಟಾರಿಗೆ. 1980ರಲ್ಲಿ ರಾಬರ್ಟ್ ಸ್ಕಾಟ್ ಬಾಸ್ ಗಿಟಾರಿಗೆ ಬಂದರು. ಕ್ರೈಸ್ಟ್‌ಚರ್ಚಿನ ರೆಕಾರ್ಡ್ ಅಂಗಡಿಯೊಂದರಲ್ಲಿದ್ದ ರೋಜರ್ ಶೆಫರ್ಡ್ 1981ರಲ್ಲಿ 'ಫ್ಲೈಯಿಂಗ್ ನನ್' ಎಂಬ ಸಣ್ಣ ಸಂಸ್ಥೆ ತೆರೆದು ಇವರ 'ಟ್ಯಾಲಿ ಹೋ' ಹಾಡನ್ನು ಹೊರತಂದರು. ನೂರು ಡಾಲರಿಗೂ ಕಡಿಮೆ ಖರ್ಚಿನಲ್ಲಿ ಮುದ್ರಿಸಿದ ಆ ಹಾಡು ನ್ಯೂಜಿಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಸ್ಥಾನಕ್ಕೇರಿತು. ಅದೇ ವರ್ಷ, ಕ್ರಿಸ್ ನಾಕ್ಸ್ ಎಂಬ ಗಾಯಕರ ಬಳಿಯಿದ್ದ ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರಿನಲ್ಲಿ, ನಾಕ್ಸ್ ಮತ್ತು ಡಗ್ ಹುಡ್ ಅವರ ನೆರವಿನಿಂದ ಮುದ್ರಣಗೊಂಡ ಐದು ಹಾಡುಗಳ 'ಬೂಡಲ್ ಬೂಡಲ್ ಬೂಡಲ್' ಐದನೆಯ ಸ್ಥಾನ ತಲುಪಿತು.

ನಾಲ್ಕು ಟ್ರ್ಯಾಕ್ ಎಂದರೆ ಏನೆಂದು ಇಲ್ಲಿರುವ ಹುಡುಗರಿಗೆ ಒಂದು ಮಾತು ಹೇಳಬೇಕು. ನಿಮ್ಮ ಕಂಪ್ಯೂಟರಿನಲ್ಲಿ ನೂರು ಪದರ ಇಟ್ಟು, ತಪ್ಪಿದ ಒಂದು ಪೆಟ್ಟನ್ನು ಮಾತ್ರ ಕತ್ತರಿಸಿ ತೆಗೆಯಬಹುದು. ಅವರಿಗೆ ಇದ್ದದ್ದು ಒಂದೇ ಟೇಪಿನ ಮೇಲೆ ಅಕ್ಕಪಕ್ಕ ಓಡುವ ನಾಲ್ಕು ಗೆರೆಗಳು. ಮೂವರು ಎದುರುಬದುರು ನಿಂತು ಒಟ್ಟಿಗೆ ನುಡಿಸಿದ್ದು, ಉಸಿರು, ತಪ್ಪು, ಟೇಪಿನ ಸರಸರ ಸಮೇತ ಹಾಗೆಯೇ ಉಳಿಯಬೇಕು. ನಾನು ಸ್ಪಿರಿಟ್ ಹಚ್ಚಿ ಒರಸಲು ಹೊರಟದ್ದರಲ್ಲಿ ಅರ್ಧ ಭಾಗವಾದರೂ ಹಾಡಿನದೇ ಅಂಗವಾಗಿತ್ತು! ಮಂಗಳಪದದ ಬೆನ್ನಿಗೆ ಬರುತ್ತಿದ್ದ ಆ ಹಾಡಿನ ಹೆಸರು 'ಪಾಯಿಂಟ್ ದ್ಯಾಟ್ ಥಿಂಗ್ ಸಮ್‌ವೇರ್ ಎಲ್ಸ್'. ಅದರಲ್ಲಿ ಗಿಟಾರು ಶ್ರುತಿಪೆಟ್ಟಿಗೆಯಂತೆ ಒಂದೇ ನೆಲೆಯನ್ನು ಹಿಡಿದು ಮೊರೆಯುತ್ತದೆ. ಡ್ರಮ್ಮು ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ, ಓಡುತ್ತಲೇ ಇರುತ್ತದೆ. ಚೆಂಡೆಯ ಪೆಟ್ಟಿಗೆ ಪಳಗಿದ ಕಿವಿಗೆ ಅದು ಪರಕೀಯವೆನಿಸುವುದಿಲ್ಲ ಎಂಬುದು ನನ್ನ ಅನುಭವ.

1982ರಲ್ಲಿ ತಂಡ ಚದುರಿತು. ಆದರೆ ಅದೇ ವರ್ಷ ಅದೇ ಊರಿನ ನಾಲ್ಕು ತಂಡಗಳು, ಅಂದರೆ ದ ಚಿಲ್ಸ್, ದ ವರ್ಲೇನ್ಸ್, ಸ್ನೀಕಿ ಫೀಲಿಂಗ್ಸ್ ಮತ್ತು ದ ಸ್ಟೋನ್ಸ್, ಹಂಚಿಕೊಂಡ 'ಡುನೆಡಿನ್ ಡಬಲ್' ಎಂಬ ರೆಕಾರ್ಡು ಹೊರಬಂದಿತು. 'ಟ್ಯಾಲಿ ಹೋ'ದಲ್ಲಿ ಆರ್ಗನ್ ನುಡಿಸಿದವರು ಚಿಲ್ಸ್ ತಂಡದ ಮಾರ್ಟಿನ್ ಫಿಲಿಪ್ಸ್ ಅವರೇ. ಅಮೆರಿಕದಲ್ಲಿ ಪೇವ್‌ಮೆಂಟ್ ಅಲ್ಲದೆ ಹೊಬೊಕನ್ನಿನ ಯೋ ಲಾ ಟೆಂಗೊ, ಚಾಪೆಲ್ ಹಿಲ್ಲಿನ ಸೂಪರ್‌ಚಂಕ್ ಇದೇ ಬಾವಿಯ ನೀರು ಕುಡಿದವು. ಸೂಪರ್‌ಚಂಕಿನ ಇಬ್ಬರು 1989ರಲ್ಲಿ ಕಟ್ಟಿದ ಮರ್ಜ್ ಸಂಸ್ಥೆಯೇ ಮುಂದೆ ದ ಕ್ಲೀನ್‌ನ ಹಳೆಯ ಹಾಡುಗಳನ್ನು ಅಮೆರಿಕದಲ್ಲಿ ಹೊರತಂದಿತು. ಶಿಷ್ಯರು ಗುರುವಿಗೆ ರಂಗಸ್ಥಳ ಹಾಕಿಕೊಟ್ಟರು ಎನ್ನಬಹುದು.

ನಾನು ಪದೇ ಪದೇ ಹೇಳುವ ವಾದವನ್ನು ಇಲ್ಲಿಯೂ ಹೇಳಿಬಿಡುತ್ತೇನೆ, ಕೇಳಿದವರು ಕ್ಷಮಿಸಬೇಕು: ಈ ತಂಡಗಳು ದ ಕ್ಲೀನ್‌ನಿಂದ ಪಡೆದದ್ದರಲ್ಲಿ ರಾಗಕ್ಕಿಂತ ಧೈರ್ಯದ ಪಾಲು ದೊಡ್ಡದು. ಎರಡು ಮೂರು ಸ್ವರಗುಚ್ಛ, ಸಾಧಾರಣ ಕಂಠ, ಅಗ್ಗದ ಯಂತ್ರ, ರಾಜಧಾನಿಯಿಂದ ದೂರವಿರುವ ಊರು, ಇಷ್ಟರಿಂದಲೇ ಇದು ಸಾಧ್ಯವಾಗಿದೆ ಎಂದು ಕಿವಿಯಾರೆ ಕೇಳಿದ ಮೇಲೆ ಸುಮ್ಮನೆ ಕುಳಿತುಕೊಳ್ಳುವುದು ಕಷ್ಟ. ಹಾಗೆಂದು ಡುನೆಡಿನ್ ಯಾರ ಗಾಳಿಯೂ ಸೋಕದೆ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ರೆಕಾರ್ಡುಗಳು ಅಲ್ಲಿಗೂ ತಲುಪಿದ್ದವು. ಬಂದದ್ದನ್ನು ಅವರು ತಮ್ಮ ಊರಿನ ಚಳಿಯಲ್ಲಿ ಇಟ್ಟು ಬೇರೆಯದೇ ರುಚಿ ಬರಿಸಿದರು.

ನಮ್ಮ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನನ್ನು ನೆನೆಯಿರಿ. ಆ ರಾಮಾಯಣ ಪ್ರಸಂಗಗಳು ಅವನವೇ ಹೌದೋ ಅಲ್ಲವೋ ಎಂದು ವಿದ್ವಾಂಸರು ಸಾಕಷ್ಟು ಜಗಳವಾಡಿದ್ದಾರೆ. ಭಾಗವತರು ಮಾತ್ರ ಪದ್ಯ ಹಾಡುತ್ತ ಬಂದಿದ್ದಾರೆ. ಅವನ ಹೆಸರನ್ನೇ ಕೇಳದವರ ಬಾಯಲ್ಲಿಯೂ ಅವನ ಪದ್ಯವಿದೆ. ಭಾವನ ಕ್ಯಾಸೆಟ್ಟಿನಲ್ಲಿ ವಾಲಿಯ ಬಾಯಿಂದ ಬಂದದ್ದೂ ಆ ಕುಂಬಳೆಯ ಪದ್ಯವೇ, ಅದರ ಕೆಳಗೆ ಅಳಿಸಿಹೋದದ್ದು ಡುನೆಡಿನ್ನಿನ ಹಾಡು. ಎರಡು ಅಂಚಿನ ಊರುಗಳು ಒಂದೇ ಟೇಪಿನ ಮೇಲೆ ಜಾಗಕ್ಕಾಗಿ ಜಗಳವಾಡಿದ್ದು ನಮ್ಮ ಜಗಲಿಯಲ್ಲಿ.

ಸಂಘಟಕರು ಎರಡನೆಯ ಚೀಟಿ ಕಳುಹಿಸಿದ್ದಾರೆ. ತಂಡ ಮತ್ತೆ ಸೇರಿದ್ದು, 1990ರ 'ವೆಹಿಕಲ್' ಎಂಬ ಆಲ್ಬಮ್ಮು, ಯೋ ಲಾ ಟೆಂಗೊದವರು ಅವರೊಡನೆ ನುಡಿಸಿದ್ದು, ಇವಕ್ಕೆಲ್ಲ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ಅವು ಜೇಬಿನಲ್ಲಿಯೇ ಇರಲಿ. ಹಾಮಿಶ್ 2022ರ ಡಿಸೆಂಬರಿನಲ್ಲಿ, ಮಾರ್ಟಿನ್ ಫಿಲಿಪ್ಸ್ 2024ರಲ್ಲಿ ತೀರಿಕೊಂಡರು ಎಂಬುದನ್ನು ಮಾತ್ರ ಹೇಳದೆ ಇಳಿಯಲಾರೆ.

ಆ ಕ್ಯಾಸೆಟ್ಟನ್ನು ತಂದಿದ್ದೇನೆ. ಭಾವ ಟೂ-ಇನ್-ವನ್ನನ್ನೂ ರಿಪೇರಿ ಮಾಡಿಸಿ ಕಳುಹಿಸಿದ್ದಾರೆ. ಹುಡುಗರು ವೇದಿಕೆಗೆ ಬಂದು ತಂತಿ ಬಿಗಿದುಕೊಳ್ಳುವ ತನಕ ಮೈಕಿನವರು ಅದನ್ನು ಹಾಕಬೇಕೆಂದು ಕೋರುತ್ತೇನೆ. ಆದರೆ ಹಾಡಿನಿಂದ ಶುರು ಮಾಡಬೇಡಿ. ಸ್ವಲ್ಪ ಹಿಂದಕ್ಕೆ ಸುತ್ತಿ, ಮಂಗಳಪದದ ಕೊನೆಯ ಸಾಲಿನಿಂದ ಹಾಕಿ. ಆ ಕೆಮ್ಮು, "ಎಲೆ ಹಾಕಿಯಾಯಿತು" ಎಂಬ ಕರೆ ಬಾರದೆ ಡ್ರಮ್ಮು ಬಂದರೆ ನನಗೆ ಇಂದಿಗೂ ಏನೋ ತಪ್ಪಿದಂತೆ ಕೇಳುತ್ತದೆ.